ತೊಳೆಯದ ಕುಂಚದ ಬೆಟ್ಟ

ಆರು ಡಬ್ಬಿ ಬಣ್ಣ, ಎರಡು ಕುಂಚ, ಒಂದು ಕ್ಯಾನ್ವಾಸ್. ಎಲ್ಲ ಸೇರಿ ಮುನ್ನೂರೈವತ್ತು ರೂಪಾಯಿ. ಅಂಗಡಿಯವನು ಹೇಳಿದಷ್ಟೇ ಕೊಟ್ಟೆ. ಚೌಕಾಶಿಯಿಲ್ಲದೆ ನಾನು ಕೊಂಡ ಮೊದಲ ಸಾಮಾನು ಅದೇ. ಆಗ ನನ್ನ ನಾಲಿಗೆ ಇನ್ನೂ ತೊದಲುತ್ತಿತ್ತು.

ಶುರುವಾದದ್ದು ದೇಶದ ರಾಜಧಾನಿಯ ಓಖ್ಲಾದಲ್ಲಿ. ಅಲ್ಲಿನ ಎಕ್ಸ್‌ಪೋರ್ಟ್ ಕಂಪನಿಗಳಿಗೆ ಬಟ್ಟೆ ಒದಗಿಸುವುದು ನನ್ನ ಕಸುಬು. ಎರಡು ಬೆರಳ ನಡುವೆ ಉಜ್ಜಿದರೆ ಸಾಕು, ಮಾಲು ಎಂಥದ್ದೆಂದು ಹೇಳುತ್ತಿದ್ದೆ. ಅಂದು ಉಜ್ಜಿದೆ. ಇನ್ನೊಮ್ಮೆ ಉಜ್ಜಿದೆ.

ಬೆರಳುಗಳೇ ಇಲ್ಲವೇನೋ ಅನಿಸಿತು.

ಸ್ಟ್ರೋಕ್, ಎಂದರು ಡಾಕ್ಟರ್. ಮಾತು ನಿಧಾನವಾಗಿ ಮರಳಿತು, ಬಲಗೈ ಪೂರ್ತಿ ಮರಳಲಿಲ್ಲ. "ಪೇಂಟಿಂಗ್ ಮಾಡಿ ಅಂಕಲ್, ಬೆರಳಿಗೆ ಎಕ್ಸರ್‌ಸೈಜ್" ಎಂದಳು ಫಿಸಿಯೋ ಹುಡುಗಿ. ನಮ್ಮೂರು ಮಡಿಕೇರಿಯ ಬೆಟ್ಟ ಬಿಡಿಸಲು ಕುಳಿತೆ. ಎಡಗೈ ಬಳಸಬಾರದೆಂದು ಅವಳ ಕಟ್ಟಪ್ಪಣೆ; ಕುಂಚವನ್ನು ನೀರಿನಲ್ಲಿ ಆಡಿಸಿ ತೊಳೆಯಲು ಬಲಗೈಯ ಮಣಿಕಟ್ಟು ತಿರುಗದು. ಸಹಾಯ ಕೇಳಲು ಅಭಿಮಾನ ಬಿಡದು. ಹಸಿರಿನಲ್ಲಿ ಕಂದು, ಕಂದಿನಲ್ಲಿ ನೀಲಿ ಬೆರೆತು ಎಲ್ಲವೂ ಬೂದು ಬಣ್ಣಕ್ಕೆ ತಿರುಗಿತು. ಕೈ ನಡುಗಿದಲ್ಲೆಲ್ಲ ಕುಂಚದ ಗೀರು ಉಳಿಯಿತು. ನನ್ನ ಕಣ್ಣಿಗೆ ಅದು ಬಣ್ಣ ಹೋದ ರಿಜೆಕ್ಟ್ ಮಾಲು. ಮಗಳು ದಿವ್ಯಾ ಅದನ್ನು ದ್ವಾರಕಾದ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲೇ ತೂಗುಹಾಕಿದಳು.

ಒಂದು ಭಾನುವಾರ ಹಳೆಯ ಗಿರಾಕಿ ಗುಪ್ತಾಜಿ ಬಂದರು. ಬರೀ ಜ್ವರ ಎಂದು ಅವರಿಗೆ ಹೇಳಿಸಿದ್ದೆ. ಕೈ ಹೋಗಿದೆ ಎಂದು ಗೊತ್ತಾದರೆ ಆರ್ಡರ್ ಬೇರೆಯವರ ಪಾಲು. ಬಲಗೈಯನ್ನು ಶಾಲಿನೊಳಗೆ ಸೇರಿಸಿಕೊಂಡೆ.

"ಅರೇ ವಾಹ್! ಭಾಯಿಸಾಬ್, ಈ ಪಹಾಡ್ ಯಾರು ಬಿಡಿಸಿದ್ದು?"

"ಮಗಳು," ಎಂದೆ.

"ಬೇಟಿ, ಈ ಮಂಜಿನ ಬಣ್ಣ ಹೇಗೆ ತಂದೆ?"

ದಿವ್ಯಾ ನನ್ನತ್ತ ನೋಡಿದಳು. ನಾನು ಟೀ ಕಪ್ಪನ್ನು ನೋಡಿದೆ.

"ನಾನಲ್ಲ ಅಂಕಲ್, ಪಾಪಾ ಬಿಡಿಸಿದ್ದು. ಬ್ರಷ್ ತೊಳೆಯೋಕೆ ಅವರ ಕೈ ತಿರುಗಲ್ಲ. ಅದಕ್ಕೇ ಈ ಕಲರ್."

ಕಿವಿ ಬಿಸಿಯಾಯಿತು. ಕೈ ಬಿದ್ದದ್ದಕ್ಕೆ ಪಟ್ಟ ನಾಚಿಕೆ ಒಂದು. ಆ ಕೈ ಒದ್ದಾಡಿ ಮಾಡಿದ್ದನ್ನು ನನ್ನದಲ್ಲ ಎಂದು, ಮಗಳನ್ನೂ ಸುಳ್ಳಿಗೆ ಎಳೆದ ನಾಚಿಕೆ ಇನ್ನೊಂದು. ಎರಡನೆಯದು ಇನ್ನೂ ಹೋಗಿಲ್ಲ.

ಗುಪ್ತಾಜಿ ಎದ್ದು ಚಿತ್ರದ ಹತ್ತಿರ ಹೋಗಿ ನೋಡಿದರು. ಆಮೇಲೆ ಚೀಲದಿಂದ ಬಟ್ಟೆಯ ತುಂಡೊಂದನ್ನು ತೆಗೆದು ನನ್ನ ಎಡಗೈಗೆ ಕೊಟ್ಟರು. "ಇಂಥದ್ದೇ ಮಾಲು ಬೇಕು. ಚಲೋ, ರೇಟ್ ಹೇಳಿ. ಬೀಮಾರಿ ಅಂತ ಜಾಸ್ತಿ ಕೇಳಬೇಡಿ!"

ಉಜ್ಜಿದೆ. ಅಭ್ಯಾಸವಿಲ್ಲದ ಎಡಗೈಗೆ ಅರ್ಧ ತಿಳಿಯಿತು. ಉಳಿದರ್ಧಕ್ಕೆ ದಿವ್ಯಾಳನ್ನು ಕರೆದೆ. ಶಾಲು ಯಾವಾಗಲೋ ಜಾರಿತ್ತು; ಎತ್ತಿಕೊಳ್ಳಲಿಲ್ಲ.

ನಿಮ್ಮ ಕೈಗೂ ಹೀಗಾದರೆ ನನ್ನ ಮಾತು ಕೇಳಿ. ಕುಂಚದ ಹಿಡಿಗೆ ಸ್ಪಂಜು ಸುತ್ತಿಸಿ, ಹಿಡಿತ ಸಿಗುತ್ತದೆ. ತೊಳೆಯಲು ಮನೆಯವರನ್ನು ಕರೆಯಿರಿ. ಚಿತ್ರ ಗೋಡೆಗೆ ಏರುವ ಮೊದಲೇ ಮೂಲೆಯಲ್ಲಿ ನಿಮ್ಮ ಹೆಸರು ಬರೆದುಬಿಡಿ. ಸೊಟ್ಟಗಾದರೂ ಪರವಾಗಿಲ್ಲ.