ಚಂದ್ರಿಕಾ ಮೇಡಂ ಬರೆದ ಒಂದು ಸಾಲು

ಶನಿವಾರ ಬೆಳಗಿನ ಶಾಲೆಯ ಕೊನೆಯ ಎರಡು ಪೀರಿಯಡ್ ಚಂದ್ರಿಕಾ ಮೇಡಂ ತಲೆ ಎತ್ತುತ್ತಿರಲಿಲ್ಲ. ಒಂಬತ್ತನೇ ತರಗತಿಯ ಮೂವತ್ತನಾಲ್ಕು ನೋಟ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು, ಒಂದೊಂದರ ಕೊನೆಯ ಪುಟದಲ್ಲೂ ಒಂದೊಂದು ಸಾಲು ಬರೆಯುತ್ತಾ ಹೋಗುತ್ತಿದ್ದರು. ಹನ್ನೊಂದೂವರೆಗೆ ಬೆಲ್ ಹೊಡೆಯುವಷ್ಟರಲ್ಲಿ ಮುಗಿಯಬೇಕು. ಮುಗಿದ ಮೇಲೆ ಬಲಗೈಯ ಹೆಬ್ಬೆರಳನ್ನು ಎಡಗೈಯಿಂದ ಒತ್ತಿಕೊಳ್ಳುತ್ತಾ ಬಸ್ಸಿಗೆ ಹೊರಡುತ್ತಿದ್ದರು.

ವನಗೂರು ಕಡೆಯ ಆ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು ಅವರೊಬ್ಬರೇ. ವಯಸ್ಸು ಐವತ್ತೆರಡು. ಮನೆ ಬಾಳ್ಳುಪೇಟೆಯಲ್ಲಿ. ಬೆಳಿಗ್ಗೆ ಆರಕ್ಕೆ ಹೈವೇ ಬದಿಯಲ್ಲಿ ನಿಂತು ಸಕಲೇಶಪುರದ ಬಸ್ ಹತ್ತಬೇಕು, ಅಲ್ಲಿಂದ ಇನ್ನೊಂದು ಬಸ್ಸು. ಮಂಡಿ ನೋವು ಶುರುವಾಗಿ ನಾಲ್ಕು ವರ್ಷವಾಗಿತ್ತು. ವರ್ಗಾವಣೆಗೆ ಮೂರು ಸಲ ಅರ್ಜಿ ಹಾಕಿ, ಆಮೇಲೆ ಹಾಕುವುದನ್ನೇ ಬಿಟ್ಟಿದ್ದರು.

ಕೊನೆಯ ಪುಟದಲ್ಲಿ ಸಾಲು ಬರೆಯುವ ಕೆಲಸ ಅವರು ತಾವಾಗಿ ಹಚ್ಚಿಕೊಂಡದ್ದಲ್ಲ. ಆ ವರ್ಷ ಜೂನ್‌ನಲ್ಲಿ ನಡೆದ ಪೋಷಕರ ಸಭೆಯಲ್ಲಿ ಹೆಡ್‌ಮಾಸ್ಟರ್ ದೇವೀರಪ್ಪನವರು, ಮಕ್ಕಳು ಇಂಗ್ಲಿಷ್‌ನಲ್ಲೇ ಯಾಕೆ ಫೇಲಾಗುತ್ತಾರೆ, ಮನೆಯಲ್ಲಿ ನೀವು ಗಮನ ಕೊಡುವುದಿಲ್ಲವೇ ಎಂದು ಗದರಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಎದ್ದು, "ಅವು ಏನ್ ಓದ್ತಾವೆ ಅಂತ್ಲೇ ನಮ್ಗೆ ಗೊತ್ತಿಲ್ಲ ಸಾರ್. ಏನಂತ ಗಮನ ಕೊಡಾದು?" ಎಂದಳು. ಅಂದಿನಿಂದ ಇಂಗ್ಲಿಷ್ ತರಗತಿಯಲ್ಲಿ ಏನು ನಡೆಯಿತೆಂಬುದನ್ನು ಪ್ರತಿ ವಾರ ಮನೆಗೆ ತಿಳಿಸಬೇಕೆಂದು ತೀರ್ಮಾನವಾಯಿತು.

ಮೊದಲು ವಾಟ್ಸಾಪ್ ಗ್ರೂಪ್ ಮಾಡಿದರು. ಫೋನುಗಳಿದ್ದದ್ದು ಮಕ್ಕಳ ಕೈಯಲ್ಲಿ. ನೆಟ್‌ವರ್ಕ್ ಸಿಗುತ್ತಿದ್ದದ್ದು ಗುಡ್ಡದ ಮೇಲಿನ ಒಂದು ತಿರುವಿನಲ್ಲಿ ಮಾತ್ರ. ಮೇಡಂ ಕಳಿಸಿದ್ದಕ್ಕೆಲ್ಲ ಹೆಬ್ಬೆರಳಿನ ಗುರುತು ಬರುತ್ತಿತ್ತು. ಒತ್ತಿದವರು ಯಾರೆಂದು ತಿಳಿಯುತ್ತಿರಲಿಲ್ಲ. ಆಗಸ್ಟ್ ಹೊತ್ತಿಗೆ ಅದನ್ನು ಬಿಟ್ಟು ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಬಂದರು. ಆ ವಾರ ಯಾವ ಪಾಠ, ಮನೆಯಲ್ಲಿ ಏನು ಬರೆದು ತರಬೇಕು ಎಂಬುದನ್ನು ಮೇಡಂ ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆಯುವರು, ಮಕ್ಕಳು ಇಳಿಸಿಕೊಳ್ಳುವರು. ಅದರ ಕೆಳಗೆ ಮಗುವಿನ ಬಗ್ಗೆ ಮೇಡಂ ಕೈಯಿಂದಲೇ ಒಂದು ಸಾಲು. 'ಮೋಹಿತ್ ಚೆನ್ನಾಗಿ ಓದುತ್ತಾನೆ, ಬರೆಯಲು ಸೋಮಾರಿತನ.' ಸೋಮವಾರ ಮನೆಯವರ ಸಹಿಯೊಂದಿಗೆ ಪುಸ್ತಕ ವಾಪಸ್ಸು ಬರಬೇಕು.

"ಯಾರಾದ್ರೂ ಓದ್ತಾರೇನೇ ಅದನ್ನ?" ಎಂದು ಗಂಡ ವಸಂತ ಒಮ್ಮೆ ಕೇಳಿದ್ದರು.

"ಗೊತ್ತಿಲ್ಲ. ಸಹಿ ಅಂತೂ ಬರುತ್ತೆ" ಎಂದಿದ್ದರು ಚಂದ್ರಿಕಾ.

ಡಿಸೆಂಬರ್ ಬಂತು. ಕಾಫಿ ಹಣ್ಣಿನ ಕೊಯ್ಲು ಶುರುವಾಗಿ ತರಗತಿಯ ಬೆಂಚುಗಳು ಅಲ್ಲಲ್ಲಿ ಖಾಲಿಯಾದವು. ಬಂದ ಮಕ್ಕಳೂ ಹೋಂವರ್ಕ್ ತರುತ್ತಿರಲಿಲ್ಲ. ಅಂಥದ್ದೊಂದು ಶನಿವಾರ, ಹಿಂದಿನ ಸಂಜೆ ಬಸ್ ಕೆಟ್ಟು ಮೂರು ಕಿಲೋಮೀಟರ್ ನಡೆದಿದ್ದ ಕಾಲು ಇನ್ನೂ ಜುಮುಗುಡುತ್ತಿರುವಾಗ, ಮೇಡಂ ಕೈಗೆ ಕೃತಿಕಾಳ ಪುಸ್ತಕ ಬಂತು. ದಸರಾ ಆದಮೇಲೆ ಆ ಹುಡುಗಿ ಒಂದು ಬರಹವನ್ನೂ ಕೊಟ್ಟಿರಲಿಲ್ಲ. ನಾಲ್ಕು ಬಾಕಿ. ತರಗತಿಯಲ್ಲಿ ಕಿಟಕಿಯ ಪಕ್ಕ ಕೂತು ತೂಕಡಿಸುತ್ತಿದ್ದಳು. ಮೇಡಂ ಹೆಚ್ಚು ಯೋಚಿಸಲಿಲ್ಲ. 'ಕೃತಿಕಾ ಇಂಗ್ಲಿಷ್ ತರಗತಿಯಲ್ಲಿ ಏನೂ ಮಾಡುತ್ತಿಲ್ಲ' ಎಂದು ಬರೆದು ಮುಂದಿನ ಪುಸ್ತಕ ತೆಗೆದುಕೊಂಡರು.

ಸೋಮವಾರ ಪುಸ್ತಕ ಬಂತು, ಹುಡುಗಿ ಬರಲಿಲ್ಲ. ಅವಳ ಮನೆಯ ಪಕ್ಕದ ಮೋಹಿತ್ ಅದನ್ನು ತಂದು ಟೇಬಲ್ ಮೇಲಿಟ್ಟ. ಕೊನೆಯ ಪುಟದಲ್ಲಿ ಪೆನ್ನು ಒತ್ತಿ ಒತ್ತಿ ಬರೆದ ದಪ್ಪ ಅಕ್ಷರದಲ್ಲಿ 'ರವಿ' ಎಂದಿತ್ತು.

"ಅವ್ಳೆಲ್ಲೋ?"

"ಅವ್ಳು ಇನ್ ಬರಾಕಿಲ್ಲ ಮಿಸ್. ಅವ್ರಪ್ಪ ಸ್ಕೂಲ್ ಬಿಡುಸ್ಬುಟ್ರು. ಅಜ್ಜಿ ಜೊತೆ ಹಣ್ಣು ಕೊಯ್ಯಾಕೆ ಹೋಯ್ತವ್ಳೆ."

ಮೇಡಂ ಹೆಡ್‌ಮಾಸ್ಟರ್ ಕೋಣೆಗೆ ಹೋದರು. ದೇವೀರಪ್ಪನವರು ಹಾಜರಿ ಪುಸ್ತಕದಿಂದ ಕಣ್ಣು ತೆಗೆಯದೆ, "ಕೊಯ್ಲು ಮುಗುದ್ರೆ ಬರ್ತಾಳೆ ಬಿಡಿ. ನಿಮ್ ಕೆಲ್ಸ ತಿಳ್ಸಾದು, ತಿಳ್ಸಿದ್ದೀರಿ. ಇನ್ನೇನ್ ಮಾರಾಯ್ರೆ?" ಎಂದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಮೇಡಂಗೆ ಎರಡು ದಿನ ಊಟ ರುಚಿಸಲಿಲ್ಲ. ಬುಧವಾರ ಶಾಲೆ ಬಿಟ್ಟ ಮೇಲೆ ಬಸ್‌ಸ್ಟಾಪಿನ ಕಡೆ ಹೋಗದೆ, ಕೃತಿಕಾಳ ಮನೆಯಿದ್ದ ಎಸ್ಟೇಟ್ ಲೈನಿನ ದಾರಿ ಹಿಡಿದರು.

ಆಳುಗಳ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿ ಉದ್ದನೆಯ ಸಾಲಾಗಿ ನಿಂತಿದ್ದವು. ಕೆಲಸ ಮುಗಿಸಿ ಬಂದವರು ಕೈಕಾಲು ತೊಳೆಯುತ್ತಿದ್ದರು. ಕೃತಿಕಾಳ ಅಪ್ಪ ರವಿ ಮೇಡಂ ಅವರನ್ನು ಕಂಡು ಎದ್ದು ನಿಂತ. ಮೂವತ್ತೆಂಟರ ತೆಳ್ಳಗಿನ ಆಳು. ಅವನ ತಾಯಿ ಈರಮ್ಮ ಜಗುಲಿಯ ಮೇಲೆ ಗೋಣಿಚೀಲ ಹಾಸಿ, "ಕೂತ್ಕಳವ್ವ" ಎಂದಳು. ಮೇಡಂ ಮಂಡಿ ಹಿಡಿದುಕೊಂಡು ಕೂತರು.

"ಯಾಕಪ್ಪ ರವಿ, ಮಗಳನ್ನ ಕಳಿಸ್ತಿಲ್ಲ?"

"ನೀವೇ ಬರ್ದಿದ್ರಲ್ಲ ಮೇಡಂ, ಏನೂ ಮಾಡಾಕಿಲ್ಲ ಅಂತ." ರವಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಏನೂ ಮಾಡ್ದೋಳು ಅಲ್ಲಿ ಕೂತು ಏನ್ ಮಾಡ್ಬೇಕು? ಇಲ್ಲಾದ್ರೆ ಒಲೆ ಹಚ್ತಾಳೆ. ಅವ್ಳಮ್ಮ ದಸರಾದಾಗ ಹೋದೋಳು ಇನ್ನೂ ಬಂದಿಲ್ಲ, ಬಿಸಿಲೆ ತಾವ ತವ್ರುಮನೇಲಿ ಅವ್ಳ ತಾಯಿ ಮಂಚ ಹಿಡ್ದೈತೆ. ಅಡ್ಗೆ, ನೀರು, ಈ ಮುದ್ಕಿ ಮಾತ್ರೆ, ಎಲ್ಲಾ ಇವ್ಳೇ ನೋಡ್ಬೇಕು."

ದಸರಾ ಎಂದ ಕೂಡಲೇ ಮೇಡಂಗೆ ಬಾಕಿ ಇದ್ದ ನಾಲ್ಕು ಬರಹಗಳ ತಾರೀಖು ನೆನಪಾಯಿತು. ಅವರು ಒಂದು ದಿನವೂ ಹುಡುಗಿಯನ್ನು ಕರೆದು ಯಾಕೆ ಎಂದು ಕೇಳಿರಲಿಲ್ಲ.

"ಅದ್ರೂವೆ ಶನಿವಾರ ಬಂತು ಅಂದ್ರೆ ಐದ್ ಮನೆಯೋರ್ಗೂ ನಿಮ್ ಬರ್ದಿದ್ದ ಓದಿ ಹೇಳಾಳು ಇವ್ಳೇ ಕಣವ್ವ" ಎಂದಳು ಈರಮ್ಮ. "ನಮ್ಗೆಲ್ಲಿ ಓದಾಕ್ ಬತ್ತದೆ? ಅವ್ರವ್ರ್ ಹುಡುಗ್ರು ಓದುದ್ರೆ ತಿರ್ಚಿ ಹೇಳ್ತವೆ. ಇದೇ ಜಗುಲಿ ಮ್ಯಾಲೆ ಕುಂತು ಓದಾಳು. ನೀನ್ ಇಂಥದ್ ಬರೀಬೇಕು ಅಂತ ಹುಡುಗ್ರಿಗೂ ತಿಳ್ಸಾಳು. ಸೈನ್ ಮಾಡಾಕ್ ಬರ್ದೋರ್ದು ಕೈ ಹಿಡ್ದು ಬರ್ಸಾಳು."

ಬಾಗಿಲ ಮರೆಯಲ್ಲಿ ಕೃತಿಕಾ ನಿಂತಿದ್ದಳು. ಹಣ್ಣಿನ ಅಂಟಿಗೆ ಬೆರಳುಗಳು ಕಪ್ಪಾಗಿದ್ದವು. ಮೇಡಂ ಅವಳನ್ನು ಹತ್ತಿರ ಕರೆದರು.

"ನಿನ್ನದನ್ನ ಯಾರು ಓದಿದ್ದು?"

"ನಾನೇ ಮಿಸ್."

"ನಾನು ಬರೆದ ಹಾಗೇನಾ?"

"ಹೂಂ."

"ನಿಮ್ಮಪ್ಪಂಗೆ ಓದೋಕೆ ಬರಲ್ಲ. ಬೇರೆ ಏನಾದರೂ ಹೇಳಬಹುದಿತ್ತಲ್ಲ?"

ಕೃತಿಕಾ ಬೆರಳಿನ ಅಂಟನ್ನು ಉಜ್ಜಿಕೊಂಡಳು. "ಬೇರೆಯೋರ್ದೆಲ್ಲ ಇದ್ದಂಗೇ ಓದ್ತೀನಲ್ಲ ಮಿಸ್. ನಂದೊಂದು ಸುಳ್ಳು ಓದಾದಾ?"

ಇಪ್ಪತ್ತಮೂರು ವರ್ಷದ ನೌಕರಿಯಲ್ಲಿ ಸಾವಿರಾರು ಮಕ್ಕಳ ಬಗ್ಗೆ ಮೇಡಂ ಬರೆದಿದ್ದರು. ಬರೆದದ್ದು ಮನೆಗೆ ಹೋಗಿ ಏನಾಗುತ್ತದೆಂದು ಕಣ್ಣಾರೆ ನೋಡಿದ್ದು ಇದೇ ಮೊದಲು. ಹುಡುಗಿಯನ್ನು ಕಳಿಸಿಕೊಡು ಎಂದು ಮತ್ತೆರಡು ಸಲ ಕೇಳಿದರು. "ನೋಡಾಣ, ಕಾಫಿ ಮುಗೀಲಿ" ಎಂದ ರವಿ. ಅವತ್ತು ಅವರು ಬಾಳ್ಳುಪೇಟೆಗೆ ಬಂದು ಇಳಿದಾಗ ಅಂಗಡಿಗಳು ಅರ್ಧಕ್ಕರ್ಧ ಮುಚ್ಚಿದ್ದವು. ವಸಂತ ಬಿಸಿನೀರು ಕಾಯಿಸಿ ಕೊಟ್ಟರು. ಚಂದ್ರಿಕಾ ಕಾಲನ್ನು ನೀರಿನಲ್ಲಿಟ್ಟುಕೊಂಡು ಕೂತರು.

ಶನಿವಾರ ಎಂದಿನಂತೆ ಸಾಲುಗಳನ್ನು ಬರೆದರು. ಶಾಲೆಯಲ್ಲೇ ಉಳಿದಿದ್ದ ಕೃತಿಕಾಳ ಪುಸ್ತಕದಲ್ಲೂ ಬರೆದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಲೈನಿನ ಮಕ್ಕಳ ಪುಸ್ತಕಗಳನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಸ್ಟಾಫ್ ರೂಮಿನಲ್ಲಿ ಒಬ್ಬರೇ ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದು, ಟೇಬಲ್ ಮೇಲೆ ತಲೆಯಿಟ್ಟು ಸ್ವಲ್ಪ ಮಲಗಿ, ಕೂಲಿಯವರು ತೋಟದಿಂದ ಬರುವ ಹೊತ್ತಿಗೆ ಲೈನಿಗೆ ಹೋದರು.

"ಇವತ್ತು ನಾನೇ ಓದ್ತೀನಿ" ಎಂದರು.

ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ಕೂತರು. ಮೇಡಂ ಒಂದೊಂದೇ ಪುಸ್ತಕ ತೆಗೆದು ಓದಿದರು. ಮೋಹಿತ್‌ನ ತಾಯಿ, "ಸೋಮಾರಿ ಅಂದ್ರೆ ಪೂರಾ ಸೋಮಾರಿನಾ, ಇಲ್ಲ ಬರ್ಯಾಕೆ ಮಾತ್ರನಾ?" ಎಂದು ಬಿಡಿಸಿ ಬಿಡಿಸಿ ಕೇಳಿದಳು. ಕೃತಿಕಾ ಇವಕ್ಕೆಲ್ಲ ಏನೆಂದು ಉತ್ತರ ಹೇಳುತ್ತಿದ್ದಳೋ ಎಂದು ಮೇಡಂಗೆ ಅನ್ನಿಸಿತು. ಕೊನೆಗೆ ರವಿಯ ಕಡೆ ತಿರುಗಿ ಅವನ ಮಗಳ ಪುಸ್ತಕ ತೆರೆದರು.

"ಹೋದ ವಾರ ನಾನು ಬರೆದ ಸಾಲು ಸರಿಯಲ್ಲ. ಕೃತಿಕಾ ನಾಲ್ಕು ಬರಹ ಕೊಟ್ಟಿಲ್ಲ, ಅದು ನಿಜ. ಏನೂ ಮಾಡುತ್ತಿಲ್ಲ ಎಂಬುದು ನಿಜವಲ್ಲ. ಅವಳು ಐದು ಮನೆಯ ಪುಸ್ತಕ ಓದುತ್ತಾಳೆ, ಓದಿದ್ದನ್ನು ತಿಳಿಸಿ ಹೇಳುತ್ತಾಳೆ. ನಾನು ವಿಚಾರಿಸದೆ ಬರೆದೆ."

ಪಾತ್ರೆ ತೊಳೆಯುತ್ತಿದ್ದ ಕೃತಿಕಾ ಕೈ ನಿಲ್ಲಿಸಿದ್ದಳು.

"ಇನ್ನೊಂದ್ಸಲ ಓದಿ" ಎಂದ ರವಿ.

ಮೇಡಂ ಮತ್ತೆ ಓದಿದರು.

"ಮೇಷ್ಟ್ರುಗಳು ತಪ್ಪಾಯ್ತು ಅಂತ ಬರ್ದಿದ್ದ ನಾನ್ ಕೇಳಿಲ್ಲ" ಎಂದ ಅವನು. ಆಮೇಲೆ ಪೆನ್ನು ಇಸಿದುಕೊಂಡು, ಪುಸ್ತಕವನ್ನು ತೊಡೆಯ ಮೇಲಿಟ್ಟು ಸಹಿ ಹಾಕಿದ. "ಆದ್ರೂ ಮೇಡಂ, ಅವ್ಳಮ್ಮ ಬರಾಗಂಟ ಒಲೆ ಮುಂದೆ ಯಾರಿರ್ತಾರೆ ಹೇಳಿ?"

"ನಾ ಸತ್ತೋಗಿವ್ನಾ?" ಎಂದು ಈರಮ್ಮ ಗೊಣಗಿದಳು. ರವಿ ಪುಸ್ತಕ ಮಡಚಿ ಮೇಡಂ ಕೈಗೆ ಕೊಟ್ಟ.

ಸೋಮವಾರ ಹುಡುಗಿ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಮೇಡಂ ಮತ್ತೆ ಎರಡು ಶನಿವಾರ ಲೈನಿಗೆ ಹೋಗಿ ಓದಿ ಬಂದರು. ಮೂರನೆಯ ಸಲ ಮಂಡಿ ಊದಿಕೊಂಡು ಹೋಗಲಾಗಲಿಲ್ಲ. ಸಂಕ್ರಾಂತಿಗೆ ಎರಡು ದಿನ ಮುಂಚೆ ಕೃತಿಕಾಳ ಅಜ್ಜಿ, ಅಂದರೆ ತಾಯಿಯ ತಾಯಿ, ಬಿಸಿಲೆಯಲ್ಲಿ ತೀರಿಕೊಂಡಳು. ತಿಥಿ ಮುಗಿಸಿಕೊಂಡು ಅಮ್ಮ ಆಶಾ ವಾಪಸ್ಸು ಬಂದಳು. ಜನವರಿಯ ಕೊನೆಯ ವಾರ ಕೃತಿಕಾ ತನ್ನ ಹಳೆಯ ಜಾಗದಲ್ಲಿ, ಕಿಟಕಿಯ ಪಕ್ಕ ಬಂದು ಕೂತಳು. ಅವಳನ್ನು ಶಾಲೆಗೆ ಕರೆತಂದದ್ದು ತಮ್ಮ ಮಾತಲ್ಲ, ಒಂದು ಸಾವು ಎಂಬುದು ಮೇಡಂಗೆ ತಿಳಿದಿತ್ತು.

ಊಟದ ಬಿಡುವಿನಲ್ಲಿ ಅವಳನ್ನು ಕೂರಿಸಿಕೊಂಡು ಬಾಕಿ ಬರಹ ಬರೆಸಿದರು. ನಾಲ್ಕರಲ್ಲಿ ಎರಡು ಮುಗಿದವು, ಇನ್ನೆರಡು ಕೊನೆಗೂ ಆಗಲಿಲ್ಲ. ಎರಡಕ್ಕೆ ಬಂದಷ್ಟೇ ಅಂಕ ಕೊಟ್ಟರು. ಹತ್ತನೇ ತರಗತಿಯಲ್ಲಿ ಇಂಗ್ಲಿಷ್‌ಗೆ ಅವಳಿಗೆ ನಲವತ್ತೇಳು ಬಂತು. ಈಗ ಸಕಲೇಶಪುರದಲ್ಲಿ ಪಿಯುಸಿ ಓದುತ್ತಿದ್ದಾಳೆ. ಲೈನಿನಿಂದ ಕಾಲೇಜಿಗೆ ಹೋಗುವವಳು ಸದ್ಯಕ್ಕೆ ಅವಳೊಬ್ಬಳೇ.

ಚಂದ್ರಿಕಾ ಮೇಡಂ ಈಗಲೂ ಶನಿವಾರದ ಸಾಲುಗಳನ್ನು ಬರೆಯುತ್ತಾರೆ. ಆದರೆ ಯಾವ ಮಗುವಿನ ಬಗ್ಗೆ ದೂರು ಬರೆಯಬೇಕಾಗಿ ಬಂದರೂ ಮೊದಲು ಆ ಮಗುವನ್ನು ಕರೆದು, ಮನೆಯಲ್ಲಿ ಏನಾಗಿದೆ ಎಂದು ಕೇಳುತ್ತಾರೆ. ಕೇಳಿದರೆ ಮಕ್ಕಳು ಹೇಳುತ್ತಾರೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅದರಲ್ಲಿ ಬರೆಯುವುದೆಷ್ಟು, ಬಿಡುವುದೆಷ್ಟು ಎಂದು ಯೋಚಿಸುವುದಕ್ಕೇ ಎರಡು ಪೀರಿಯಡ್ ಸಾಲುವುದಿಲ್ಲ. ಅರ್ಧ ಪುಸ್ತಕ ಶುಕ್ರವಾರವೇ ಮುಗಿಸಬೇಕಾಗುತ್ತದೆ. ಮೊನ್ನೆ ಬಂದ ಹೊಸ ಹೆಡ್‌ಮಾಸ್ಟರ್, ಇಷ್ಟೆಲ್ಲ ಯಾಕೆ ಮೇಡಂ, ಮೆಸೇಜ್ ಹಾಕಿಬಿಡಿ ಎಂದರು. ಇವರು ಆಗಲಿ ಸಾರ್ ಎಂದು ನಕ್ಕು, ಒಂದು ನೋಟ್‌ಬುಕ್ ಮಡಚಿಟ್ಟು, ಬಾಗಿಲಲ್ಲಿ ನಿಂತಿದ್ದ ಮಗುವನ್ನು ಒಳಗೆ ಕರೆದರು.