ಅಜೀಮ್ ನೋಡದೇ ಅಳಿಸಿದ್ದು

ಬಸವಕಲ್ಯಾಣದ ಕೋಟೆ ಕಡೆಯ ಗಲ್ಲಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಅಜೀಮ್ ಯಾರಿಗೂ ಕೇಡು ಬಯಸಿದವನಲ್ಲ. ಹಾಗಿದ್ದೂ ತೀರಿಹೋದ ಒಬ್ಬ ತಾಯಿಯ ಚಿತ್ರಗಳನ್ನು, ಅವಳ ಮಗಳ ಹತ್ತಿರ ಉಳಿದಿದ್ದ ಒಂದೇ ಒಂದು ಗುರುತನ್ನು, ಅಳಿಸಿಹಾಕಿದವನು ಅವನೇ. ಅದೂ ಆ ಮನೆಯಲ್ಲೇ ಕೂತು, ಅವರದೇ ಚಹಾ ಕುಡಿಯುತ್ತ, ಮರ್ಯಾದಸ್ಥನ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ. ಈ ಮಾತನ್ನು ಅವನು ತಾನಾಗಿ ಎತ್ತುವುದಿಲ್ಲ. ಎತ್ತದಿದ್ದರೂ ಮೊದಲಿನ ಅಜೀಮ್ ಅಲ್ಲ ಎಂಬುದು ಪಕ್ಕದ ಅಂಗಡಿಯವರಿಗೂ ಗೊತ್ತಾಗಿದೆ.

ಇಪ್ಪತ್ತಾರು ವರ್ಷ ಅವನು ಮದುವೆ ಶೂಟಿಂಗ್ ಮಾಡಿದ್ದಾನೆ. ನಿರ್ಣಾದಿಂದ ನಾರಾಯಣಪುರದವರೆಗೆ ಜನ ಅವನನ್ನು ಕರೆಸುತ್ತಿದ್ದುದು ಚಿತ್ರ ಚೆನ್ನಾಗಿ ಬರುತ್ತದೆ ಅಂತಲ್ಲ. ಚೆನ್ನಾಗಿ ತೆಗೆಯುವ ಹುಡುಗರು ಈಗ ಗಲ್ಲಿಗೊಬ್ಬರಿದ್ದಾರೆ. ಅವನನ್ನು ಕರೆಸುತ್ತಿದ್ದುದು ನಿಯತ್ತಿಗಾಗಿ. ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಕಡೆ ಅವನು ಕಾಲಿಡುವುದಿಲ್ಲ. ಆ ಕಡೆಯ ಶೂಟಿಂಗ್ ಹೆಂಡತಿ ತಬಸ್ಸುಮಳದು. ಅದನ್ನು ಕತ್ತರಿಸಿ ಜೋಡಿಸುವುದೂ ಅವಳೇ, ಒಳಕೋಣೆಯಲ್ಲಿ. ಮುಗಿದ ಮೇಲೆ ಎಲ್ಲವನ್ನೂ ಮದುವೆ ಮನೆಯ ಹಿರಿಯ ಹೆಂಗಸಿನ ಕೈಗೇ ಒಪ್ಪಿಸುತ್ತಾಳೆ. ಸ್ಟುಡಿಯೊದಲ್ಲಿ ನಕಲು ಉಳಿಯುವುದಿಲ್ಲ. ಅಪ್ಪಿತಪ್ಪಿ ಪರದೆಯ ಸಂದಿನಿಂದ ಯಾವ ಹೆಂಗಸಾದರೂ ಅಜೀಮನ ಕ್ಯಾಮೆರಾಕ್ಕೆ ಬಿದ್ದರೆ ಮುಖ ತಿರುಗಿಸಿ ಅಳಿಸಿಬಿಡುತ್ತಾನೆ. ಯಾರನ್ನೂ ಕೇಳುವುದಿಲ್ಲ. ಕೇಳಿದರೆ, ನಾನು ನೋಡಿದೆ ಎಂದು ಒಪ್ಪಿಕೊಂಡ ಹಾಗೆ. ಈ ಕಟ್ಟುನಿಟ್ಟು ಅವನಿಗೆ ಉಸಿರಾಟದಷ್ಟೇ ಅಭ್ಯಾಸವಾಗಿಹೋಗಿತ್ತು, ಅಲ್ಲಿಯೇ ಕೆಟ್ಟಿತು.

ತಬಸ್ಸುಮಳ ಮಣಿಕಟ್ಟು ನೋಯತೊಡಗಿ ವರ್ಷವಾಗಿತ್ತು.

“ಈ ಕಬ್ಬಿಣದಂಥ ಕ್ಯಾಮೆರಾ ಎತ್ತಿ ಎತ್ತಿ ನನ್ನ ಕೈ ಹೋತು ನೋಡ್ರಿ. ಸಣ್ಣದೊಂದು ತಗೋರಿ. ಫೋಟೊನೂ ಬರಬೇಕು, ವಿಡಿಯೊನೂ ಬರಬೇಕು” ಎಂದಳು.

ಅಂಥ ಪುಟ್ಟ ಮಿರರ್‌ಲೆಸ್ ಕ್ಯಾಮೆರಾ ಹೊಸದು ಕೊಳ್ಳುವುದು ಕೈಗೆ ಮೀರಿದ ಮಾತು, ಹಾಗಾಗಿ ಯಾರಾದರೂ ಬಳಸಿದ್ದನ್ನು ಹುಡುಕಬೇಕಾಯಿತು. ಅಜೀಮ್ ಮೂರು ತಿಂಗಳು ಅಲೆದ. ಜಹೀರಾಬಾದಿನಲ್ಲಿ ಸಿಕ್ಕ ಒಂದರ ಲೆನ್ಸಿನೊಳಗೆ ಬೂಷ್ಟು ಹಿಡಿದಿತ್ತು. ಮನ್ನಾಏಖೇಳ್ಳಿಯಲ್ಲಿ ನೋಡಿದ್ದು ಹೊರಗೆ ಫಳಫಳ, ಆದರೆ ಚಾರ್ಜಿಂಗ್ ವೈರು ಚುಚ್ಚಿದರೆ ನಿಲ್ಲುತ್ತಿರಲಿಲ್ಲ. ಕೊನೆಗೆ ಹುಮನಾಬಾದದ ಒಂದು ಮನೆಯಲ್ಲಿ ಹೆಚ್ಚು ಬಳಸದೇ ಇರುವುದೊಂದು ಇದೆ ಎಂದು ಪರಿಚಯದವರು ಹೇಳಿದರು.

“ನಾನೂ ಬರ್ತೀನ್ರಿ. ಅದನ್ನ ಹಿಡಿಯಾಕಿ ನಾನಲ್ಲೇನು?” ತಬಸ್ಸುಮ ಬುರ್ಖಾ ಹಾಕಿಕೊಂಡು ತಯಾರಾಗಿಯೇ ನಿಂತಿದ್ದಳು.

“ಮಷಿನ್ ಪರೀಕ್ಷಾ ಮಾಡೋದು ನಿನಗೇನು ತಿಳೀತದ? ನಾ ನೋಡಿಕೊಂಡು ಬರ್ತೀನಿ, ಸುಮ್ಮ ಇರು” ಎಂದು ಅಜೀಮ್ ಒಬ್ಬನೇ ಬಸ್ಸು ಹತ್ತಿದ. ಭಂಡ ಧೈರ್ಯ ಅಂದರೆ ಇದೇ.

ಹುಮನಾಬಾದದ ಮನೆ ಬಟ್ಟೆ ವ್ಯಾಪಾರದ ಗಯಾಸುದ್ದೀನರದು. ಹೆಂಡತಿ ವಹೀದಾ ತೀರಿಕೊಂಡು ಎಂಟು ತಿಂಗಳಾಗಿತ್ತು. ಕ್ಯಾಮೆರಾ ಮಗಳು ನೂರೀನಳದು. ಅವಳು ಪರೀಕ್ಷೆಗೆಂದು ಕಲಬುರಗಿಗೆ ಹೋಗಿದ್ದಳು.

“ಮಗಳು ಅದನ್ನ ಮುಟ್ಟೋದೇ ಬಿಟ್ಟಾಳ. ಕಪಾಟು ತೆಗೆದಾಗೊಮ್ಮೆ ನೋಡತಾಳ, ಅಳತಾಳ” ಎಂದರು ಗಯಾಸುದ್ದೀನ್. “ಕಣ್ಣಿಗೆ ಬೀಳದಿದ್ರ ಹಗೂರ ಆಗತಾಳ ಅಂತ ಕೊಡಾಕತ್ತೇನಿ ಭಾಯಿ.”

ಯಾಕೆ ಅಳುತ್ತಾಳೆ ಎಂದು ಅಜೀಮ್ ಕೇಳಬಹುದಿತ್ತು. ಅಷ್ಟೊತ್ತಿಗೆ ಅವನ ಕೈಗೆ ಕ್ಯಾಮೆರಾ ಬಂದಿತ್ತು, ಕಿವಿ ಮುಚ್ಚಿತ್ತು. ಮೂಲೆಗಳನ್ನು ಸವರಿ ಪೆಟ್ಟು ಬಿದ್ದಿಲ್ಲವೆಂದು ನೋಡಿದ. ಹಿಂದಿನ ಪರದೆಯನ್ನು ಹತ್ತು ಸಲ ಮಡಚಿ ಬಿಚ್ಚಿದ. ಮೊಬೈಲಿನ ಬೆಳಕು ಬಿಟ್ಟು ಲೆನ್ಸಿನೊಳಗೆ ಇಣುಕಿದ. ಸುಣ್ಣ ಬಳಿದ ಗೋಡೆಯ ಫೋಟೊ ತೆಗೆದು, ಧೂಳಿನ ಚುಕ್ಕೆ ಇದೆಯೇ ಎಂದು ಹಿಗ್ಗಿಸಿ ನೋಡಿದ. ಒಂದೂ ಕುಂದು ಸಿಗಲಿಲ್ಲ. ಖುಷಿಯಲ್ಲಿ ಗುಂಡಿ ಒಂದು ಸಲ ಹೆಚ್ಚಿಗೆ ಒತ್ತಿದ, ಹಿಂದಿನ ಚಿತ್ರ ಬಂತು. ಹೆಂಗಸಿನ ಕೈ, ಸೆರಗಿನ ತುದಿ. ಅಜೀಮ್ ಥಟ್ಟನೆ ಮುಖ ತಿರುಗಿಸಿದ.

ಹೆಂಡತಿಯನ್ನು ಕಳೆದುಕೊಂಡ ಮನುಷ್ಯನಿಗೆ, ನಿಮ್ಮ ಮನೆ ಹೆಂಗಸರ ಚಿತ್ರ ಇದರಲ್ಲಿದೆ ಎಂದು ಪರಗಂಡಸು ಯಾವ ಬಾಯಿಂದ ಹೇಳಬೇಕು? ಅಜೀಮ್ ಹೇಳಲಿಲ್ಲ. ಚಿತ್ರವನ್ನು ಅಂಗೈಯಿಂದ ಮುಚ್ಚಿ ಮೆನು ಹುಡುಕಿದ, ಕಾರ್ಡನ್ನು ಪೂರಾ ಫಾರ್ಮ್ಯಾಟ್ ಮಾಡಿ ಎಲ್ಲ ಅಳಿಸಿದ. ಆ ಮನೆಯ ಮಾನ ಉಳಿಸಿದೆ ಎಂದುಕೊಂಡ.

ಅಷ್ಟಕ್ಕೇ ನಿಂತಿದ್ದರೂ ದಾರಿ ಇತ್ತು. ಆದರೆ ಈ ಪುಟ್ಟ ಕ್ಯಾಮೆರಾಗಳಿಗೆ ಒಂದು ರೋಗ, ವಿಡಿಯೊ ಉದ್ದವಾದರೆ ಕಾದು ಆರಿಹೋಗುತ್ತವೆ. ನಿಕಾಹ್ ನಡುವೆ ಆರಿದರೆ ಯಾರಿಗೆ ಹೇಳುವುದು? ಅದಕ್ಕೆ ಅಜೀಮ್ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಗೋಡೆಯ ಕಡೆ ತಿರುಗಿಸಿ, ಕಾರ್ಡು ತುಂಬುವ ತನಕ ವಿಡಿಯೊ ಓಡಲು ಬಿಟ್ಟ. ನಲವತ್ತು ನಿಮಿಷ. ಎರಡು ಸಲ ಚಹಾ ಬಂತು. ಕ್ಯಾಮೆರಾ ಬೆಚ್ಚಗಾಯಿತೇ ಹೊರತು ಆರಲಿಲ್ಲ.

“ಭಾಳ ಚೊಲೊ ಮಾಲು ಅದ ಭಾಯಿಸಾಬ್” ಎಂದ ಅಜೀಮ್. “ಕಾರ್ಡ್ ತೆಗೆದಿಟ್ಟುಕೊಳ್ತೀರೇನು?”

“ನನಗ್ಯಾಕ? ಅದರ ಜೋಡಿನೇ ಇರಲಿ ಬಿಡ್ರಿ” ಎಂದರು ಗಯಾಸುದ್ದೀನ್. ಅದರಲ್ಲಿ ಏನಿತ್ತೆಂದು ಅವರಿಗೂ ಗೊತ್ತಿರಲಿಲ್ಲ.

ಕ್ಯಾಮೆರಾ ಕೊಂಡು ತಂದ ನಾಲ್ಕನೆಯ ದಿನ ಫೋನು ಬಂತು.

“ಚಾಚಾ, ಹುಮನಾಬಾದದಿಂದ ನೂರೀನ್ ಮಾತಾಡಾಕತ್ತೇನ್ರಿ. ಕ್ಯಾಮೆರಾ ನಿಮ್ಮ ಹತ್ರನೇ ಇರಲಿ. ಅದರಾಗಿನ ಕಾರ್ಡ್ ಒಂದು ವಾಪಸ್ ಕೊಡ್ರಿ. ಅದರಾಗ ನಮ್ಮ ಅಮ್ಮಿ ಅದಾರ.”

ವಹೀದಾ ಯಾವತ್ತೂ ಕ್ಯಾಮೆರಾದ ಮುಂದೆ ನಿಂತವಳಲ್ಲ. ಸ್ವಂತ ತಮ್ಮನ ಮದುವೆಯ ಆಲ್ಬಮ್ಮಿನಲ್ಲೂ ಅವಳಿಲ್ಲ. ಹೋದ ಚಳಿಗಾಲದಲ್ಲಿ ಮಾತ್ರ, ಮಗಳ ಹಟಕ್ಕೆ ಸೋತು, ಅಡುಗೆ ಮಾಡುವಾಗ ಫೋಟೊ ತೆಗೆಯಲು ಬಿಟ್ಟಿದ್ದಳು. ಬೇರೆ ಯಾವುದಕ್ಕೂ ಇದನ್ನು ಹಾಕಬೇಡ, ಪರರ ಕಣ್ಣಿಗೆ ಬೀಳಬಾರದು ಎಂದು ಮಾತು ತೆಗೆದುಕೊಂಡಿದ್ದಳು. ನೂರೀನ್ ಮಾತು ಉಳಿಸಿಕೊಂಡಳು. ಫೋನಿಗಾಗಲಿ ಕಂಪ್ಯೂಟರಿಗಾಗಲಿ ಹಾಕಲಿಲ್ಲ. ಎಲ್ಲ ಆ ಕಾರ್ಡಿನಲ್ಲೇ ಇತ್ತು.

“ಹುಡುಕಿ ಹೇಳ್ತೀನಿ ಬೇಟಿ” ಎಂದು ಅಜೀಮ್ ಫೋನು ಇಟ್ಟ. ಹುಡುಕುವುದಕ್ಕೆ ಏನೂ ಉಳಿದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬರೀ ಅಳಿಸಿದ್ದಾಗಿದ್ದರೆ ತಿರುಗಿ ತರಬಹುದಿತ್ತು, ಎಷ್ಟೋ ಮದುವೆಗಳನ್ನು ಹಾಗೆ ಉಳಿಸಿದ್ದ. ಆದರೆ ಅದರ ಮೇಲೆ ನಲವತ್ತು ನಿಮಿಷದ ಗೋಡೆಯನ್ನು ತುಂಬಿಬಿಟ್ಟಿದ್ದ. ಆದರೂ ಎರಡು ದಿನ ಕಂಪ್ಯೂಟರಿನ ಮುಂದೆ ಕೂತ. ಹೈದರಾಬಾದಿನ ತಜ್ಞರ ಹತ್ತಿರವೂ ಕಾರ್ಡು ಒಯ್ದ. ಅವರು ಅರ್ಧ ಗಂಟೆಯಲ್ಲೇ ತಲೆ ಅಲ್ಲಾಡಿಸಿದರು.

“ನನ್ನ ಕರ್ಕೊಂಡು ಹೋಗಿದ್ರ ನಾ ನೋಡತಿದ್ದೆ” ಎಂದಳು ತಬಸ್ಸುಮ. “ಹೆಂಗಸು ಹೆಂಗಸನ್ನ ನೋಡಿದ್ರ ಯಾರ ಮಾನ ಹೋಗತಿತ್ತು? ಇದು ಯಾರದ್ದಂತ ಕೇಳತಿದ್ದೆ.”

ಕಾರ್ಡು ಮೊದಲೇ ಖಾಲಿ ಇತ್ತು ಎಂದುಬಿಡಲೇ ಎಂಬ ಯೋಚನೆ ಅಜೀಮನಿಗೆ ಬಂದಿದ್ದು ನಿಜ. ಹಾಗೆ ಯೋಚಿಸಿದ್ದಕ್ಕೂ ನಾಚಿದ.

ಭಾನುವಾರ ಗಂಡ ಹೆಂಡತಿ ಇಬ್ಬರೂ ಹುಮನಾಬಾದಕ್ಕೆ ಹೋದರು, ಕ್ಯಾಮೆರಾ, ಕಾರ್ಡು ಎರಡನ್ನೂ ಹಿಡಿದುಕೊಂಡು. ನೂರೀನ್ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ತಬಸ್ಸುಮಳ ಪಕ್ಕ ಕೂತಳು. ಅಜೀಮ್ ನೆಲ ನೋಡುತ್ತ ಇದ್ದದ್ದು ಇದ್ದ ಹಾಗೆ ಹೇಳಿದ. ಗಯಾಸುದ್ದೀನ್ ಎದ್ದು ಅಂಗಳಕ್ಕೆ ಹೋದರು. ಹುಡುಗಿ ಬೈಯುತ್ತಾಳೆ ಎಂದು ಅಜೀಮ್ ಅಂದುಕೊಂಡಿದ್ದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಅಳಿಸೋ ಮೊದಲ ಒಂದು ಸಲ ಕಂಡಿತ್ತಂದ್ರಲ್ಲ ಚಾಚಾ” ಎಂದಳು ನೂರೀನ್. “ಕಡೀಗೆ ನೋಡಿದವರು ನೀವೇ. ಅಮ್ಮಿ ಏನ್ ಮಾಡಾಕತ್ತಿದ್ರು?”

“ಕೈ ಕಂಡ್ಹಂಗಾತು ಬೇಟಿ.”

“ನಗತಿದ್ರೇನು? ಒಂದರಾಗ ನಕ್ಕಿದ್ರು. ಅದೇ ಇತ್ತೇನು?”

ತಬಸ್ಸುಮ ಗಂಡನ ಮುಖ ನೋಡಿದಳು. ಹೌದು, ನಗುತ್ತಿದ್ದರು ಎಂದು ಒಂದು ಮಾತು ಹೇಳಲಿ ಎಂದು ಅವಳ ಮನಸ್ಸು. ಇಪ್ಪತ್ತಾರು ವರ್ಷದ ಮದುಮಕ್ಕಳ ಮುಖಗಳನ್ನೆಲ್ಲ ನೆನಪಿಟ್ಟ ಅಜೀಮ್ ಆ ಕ್ಷಣಕ್ಕಾಗಿ ತಲೆಯೊಳಗೆಲ್ಲ ತಡಕಾಡಿದ. ಕೈ, ಸೆರಗು, ಅಷ್ಟೇ. ಸೆರಗಿನ ಬಣ್ಣ ಕೂಡ ಹೊಳೆಯಲಿಲ್ಲ.

“ನಾ ನೋಡಲಿಲ್ಲ ಬೇಟಿ” ಎಂದ. “ಮುಖ ತಿರುಗಿಸಿಬಿಟ್ಟೆ.”

ನೂರೀನ್ ತಲೆಯಾಡಿಸಿದಳು.

“ಅಮ್ಮಿ ಇದ್ದಿದ್ರ ನಿಮಗ ದುವಾ ಕೊಡತಿದ್ರು ಚಾಚಾ” ಎಂದಳು. ಆಮೇಲೆ ತಬಸ್ಸುಮಳ ಹೆಗಲಿಗೆ ಮುಖ ಇಟ್ಟು ಅತ್ತಳು.