ಮಾನಪ್ಪ ಹಾಕಿದ ಚಿಲಕ

ವನದುರ್ಗದ ಮಾನಪ್ಪನಿಗೆ ಕುರಿ ಬಿಟ್ಟರೆ ಬೇರೆ ಲೋಕವಿಲ್ಲ. ಯಾವ ಹೊಸದನ್ನು ಕಂಡರೂ ಕುರಿಯ ಲೆಕ್ಕಕ್ಕೇ ತಂದು ನಿಲ್ಲಿಸುತ್ತಾನೆ. ಯಾದಗಿರಿಯಲ್ಲಿ ಮೊದಲ ಸಲ ರೈಲು ಕಂಡಾಗ, "ಮುಂದಿಂದು ಹೋದ ಕಡಿ ಎಲ್ಲಾ ಹೊಂಟಾವ ನೋಡು" ಎಂದಿದ್ದ. ನಾವೆಲ್ಲ ನಕ್ಕಿದ್ದೆವು. ನಗುವಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಕಳೆದ ವರ್ಷ ಅವನ ಸೊಸೆ ಸುಮಲತಾ ಹೆತ್ತಳು. ಅವಳೂ ಕುರಿಗಾರರ ಮನೆಯ ಮಗಳೇ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಇಲ್ಲೇ ನಡೆಯಿತು. ಹೆತ್ತ ವಾರದಲ್ಲೇ ಹುಡುಗಿ ಮಂಕಾದಳು. ಕೂಸು ಅತ್ತರೆ ಗೋಡೆಯ ಕಡೆ ಹೊರಳುವಳು, ಎತ್ತಿ ಕೊಟ್ಟರೆ ಕೈ ಚಾಚುತ್ತಿರಲಿಲ್ಲ. ದವಾಖಾನೆಗೆ ಒಯ್ಯೋಣ ಎಂದಳು ಮಾನಪ್ಪನ ಹೆಂಡತಿ ಶೇಖಮ್ಮ.

"ದವಾಖಾನಿ ಯಾಕ? ಚೊಚ್ಚಲದಾಗ ಹಿಂಗ ಆಗ್ತದ. ನಾ ಎಷ್ಟು ನೋಡೀನಿ!"

ಅವನು ನೋಡಿದ್ದು ಕುರಿಗಳನ್ನು. ಈದ ಕುರಿ ತನ್ನ ಮರಿಯನ್ನು ಒಲ್ಲದಿದ್ದರೆ, ನೆಕ್ಕಲಿ ಎಂದು ಮರಿಯ ಮೈಗೆ ಉಪ್ಪು ಸವರುತ್ತಾರೆ. ಅದಕ್ಕೂ ಬಗ್ಗದಿದ್ದರೆ ತಾಯಿಯ ಕಾಲು ಕಟ್ಟಿ, ಎರಡನ್ನೂ ಒಂದೇ ಮೂಲೆಯಲ್ಲಿ ಕೂಡಿ ಹಾಕುತ್ತಾರೆ. ಮರಿಯ ವಾಸನೆ ಹತ್ತಿದ ಮೇಲೆ ತಾನೇ ಹಾಲು ಬಿಡುತ್ತದೆ.

ಮರುದಿನ ಶೇಖಮ್ಮ ನೀರಿಗೆ ಹೋದಾಗ ಮಾನಪ್ಪ ಕೂಸನ್ನು ಸುಮಲತಾಳ ಪಕ್ಕ ಮಲಗಿಸಿ, ಹೊರಗಿನಿಂದ ಚಿಲಕ ಹಾಕಿದ. ಒಳಗೆ ಕೂಸು ಅತ್ತೇ ಅತ್ತಿತು. ಬಾಗಿಲು ಬಡಿದ ಸದ್ದೂ ಕೇಳಿತು. ಇವನು ಕಟ್ಟೆಯ ಮೇಲೆ ಕೂತು, ಇನ್ನೇನು ಹತ್ತುತ್ತದೆ, ಇನ್ನು ಸ್ವಲ್ಪ, ಎಂದು ಕಾದ. ಹಟಕ್ಕಲ್ಲ, ಒಳ್ಳೆಯದಾಗಲೆಂದೇ.

ಶೇಖಮ್ಮ ಬಂದವಳೇ ಕೊಡ ಕೆಳಗಿಟ್ಟು ಓಡಿ ಬಾಗಿಲು ತೆಗೆದಳು. ಕೂಸು ದನಿ ಬತ್ತಿ ಬಿಕ್ಕುತ್ತಿತ್ತು. ಸುಮಲತಾ ಬಾಗಿಲ ಹಿಂದೆಯೇ ಕುಸಿದು ಕೂತಿದ್ದಳು. ಮಾವನೆದುರು ಎಂದೂ ಬಾಯಿ ತೆರೆಯದವಳು ಅಂದು ತಲೆ ಎತ್ತಿ ಕೇಳಿದಳು:

"ಮಾವಾ, ನನ್ನ ಕಾಲು ಕಟ್ಟೂದು ಯಾಕ ಬಿಟ್ರಿ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಮಾನಪ್ಪನಿಗೆ.

ಹೆತ್ತವರಿಗೆ ಬರುವ ಮನಸ್ಸಿನ ಬೇನೆ ಇದು ಎಂದು ಶಹಾಪುರದ ಡಾಕ್ಟರು ಗುಳಿಗೆ ಕೊಟ್ಟರು. ಸುಮಲತಾ ಮೆಲ್ಲಗೆ ಚೇತರಿಸಿಕೊಂಡಳು, ಕೂಸೂ ಮೈತುಂಬಿಕೊಂಡಿತು. ಮಾನಪ್ಪ ಆ ಚಿಲಕವನ್ನು ಕಿತ್ತು ಎಸೆದ. ಈಗಲೂ ಸೊಸೆ ಅಂಗಳದಲ್ಲಿದ್ದರೆ ಅವನು ಹಿತ್ತಿಲಿನಿಂದ ಒಳಗೆ ಬರುತ್ತಾನೆ.

ಮೊನ್ನೆ ಒಂದು ಕುರಿ ತನ್ನ ಮರಿಯನ್ನು ಒದ್ದು ದೂಡಿತು. ಮಾನಪ್ಪ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ ಸುಮಲತಾ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಕೇಳಿದಳು:

"ಉಪ್ಪು ತರ್ಲೇನ್ರಿ ಮಾವಾ?"

"ಬ್ಯಾಡವ್ವ," ಎಂದ ಮಾನಪ್ಪ. ತಲೆ ಮಾತ್ರ ಎತ್ತಲಿಲ್ಲ.